ಮಗಳ ಮನೆಗೆ ಹೊರಟವರಿಗೊಂದು ರೇಡಿಯೋ ಸ್ಕ್ಯಾನರ್: ಯಾವುದನ್ನು ಕೊಳ್ಳಬೇಕು, ಯಾವುದನ್ನು ಊರಿಗೆ ತರಬಾರದು

ಉಡುಪಿಯಲ್ಲಿ ನಮ್ಮ ಬೀದಿಯ ಏಳು ಮನೆಗಳಲ್ಲಿ ನಾಲ್ಕು ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ವರ್ಷಕ್ಕೆ ಒಬ್ಬರಾದರೂ ತುಳಸಿಗೆ ನೀರು ಹಾಕುವ ಹೊಣೆಯನ್ನು ಪಕ್ಕದವರಿಗೆ ಒಪ್ಪಿಸಿ, ಮನೆಗೆ ಬೀಗ ಹಾಕಿ, ಆರು ತಿಂಗಳಿಗೆಂದು ವಿಮಾನ ಹತ್ತುತ್ತಾರೆ. ಅಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಮಗಳು, ಅಳಿಯ ಕೆಲಸಕ್ಕೆ ಹೊರಡುತ್ತಾರೆ, ಮೊಮ್ಮಗ ಶಾಲೆಯ ಬಸ್ ಹತ್ತುತ್ತಾನೆ. ಆಮೇಲೆ ಸಂಜೆಯ ತನಕ ಮನೆಯಲ್ಲಿ ರೆಫ್ರಿಜರೇಟರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ಅಂಥ ಹಗಲುಗಳನ್ನು ನಾನು ಕೈಯಲ್ಲಿ ಹಿಡಿಯುವ ಟ್ರಂಕಿಂಗ್ ಸ್ಕ್ಯಾನರ್ ಒಂದರ ಜೊತೆ ಕಳೆದೆ. ಅಗ್ನಿಶಾಮಕ ದಳ, ಪೊಲೀಸರು, ರಸ್ತೆ ಇಲಾಖೆಯವರು ರೇಡಿಯೋದಲ್ಲಿ ಆಡುವ ಮಾತನ್ನು ಹುಡುಕಿ ಕೇಳಿಸುವ ಸೆಟ್ ಅದು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದ, ಪರವಾನಗಿ ಪಡೆದಿದ್ದೆನಾದ್ದರಿಂದ ರೇಡಿಯೋ ನನಗೆ ಹೊಸದಲ್ಲ. ಆದರೂ ಈ ಯಂತ್ರ ಮೊದಲ ಎರಡು ದಿನ ನನ್ನನ್ನು ಚೆನ್ನಾಗಿಯೇ ಆಟವಾಡಿಸಿತು.

ಮರಳಿದ ಮೇಲೆ ಮೂವರು ಬಂದು ಒಂದೇ ಪ್ರಶ್ನೆ ಕೇಳಿದರು: "ಯಾವ ಸ್ಕ್ಯಾನರ್ ಒಳ್ಳೆಯದು ಮಾರಾಯರೇ? ಬರುವಾಗ ಒಂದು ತರುವ ಎಂದಿದ್ದೇನೆ." ಈ ಮಾತಿನಲ್ಲಿ ಎರಡು ಪ್ರಶ್ನೆಗಳಿವೆ. ಒಂದು, ಅಲ್ಲಿ ಕುಳಿತು ಕೇಳಲು ಯಾವುದು ಒಳ್ಳೆಯದು ಎಂಬುದು. ಇನ್ನೊಂದು, ಇಲ್ಲಿಗೆ ತರಬಹುದೇ ಎಂಬುದು. ಮೊದಲನೆಯದಕ್ಕೆ ಉದ್ದದ ಉತ್ತರವಿದೆ. ಎರಡನೆಯದಕ್ಕೆ ಗಿಡ್ಡದ ಉತ್ತರವಿದೆ, ಅದು ಯಾರಿಗೂ ಇಷ್ಟವಾಗುವುದಿಲ್ಲ.

ಟೈಮ್ ಕೀಪರ್ ಯಾರು?

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಕಾದು ನಿಂತು ಗೊತ್ತಿದ್ದವರಿಗೆ ಟ್ರಂಕಿಂಗ್ ಎಂದರೇನು ಎಂದು ಹೇಳುವುದು ಕಷ್ಟವಲ್ಲ. ಪ್ರತಿ ಮಾರ್ಗದ ಬಸ್ಸಿಗೂ ಒಂದೊಂದು ಜಾಗ ಮೀಸಲಿದೆ, ಬಸ್ ಇಲ್ಲದಾಗಲೂ ಆ ಜಾಗದಲ್ಲಿ ಬೇರೆ ಯಾರೂ ನಿಲ್ಲಿಸುವಂತಿಲ್ಲ ಎಂದುಕೊಳ್ಳಿ. ಹಳೆಯ ಪದ್ಧತಿಯ ರೇಡಿಯೋ ಹೀಗೆಯೇ: ಅಗ್ನಿಶಾಮಕ ದಳಕ್ಕೆ ಒಂದು ಫ್ರೀಕ್ವೆನ್ಸಿ, ಆಂಬುಲೆನ್ಸಿಗೆ ಒಂದು, ರಸ್ತೆ ಇಲಾಖೆಗೆ ಒಂದು. ದಿನದ ಹೆಚ್ಚಿನ ಹೊತ್ತು ಎಲ್ಲವೂ ಖಾಲಿ. ಈಗ ಮೀಸಲಾತಿಯನ್ನು ಎತ್ತಿಹಾಕಿ, ಒಬ್ಬ ಟೈಮ್ ಕೀಪರ್‌ನನ್ನು ನಿಲ್ಲಿಸಿ. ಬಸ್ ಬಂದ ಕೂಡಲೇ "ನೀನು ಮೂರಕ್ಕೆ ಹೋಗು, ನೀನು ಐದಕ್ಕೆ" ಎಂದು ಅವನು ಕೂಗಿ ಹೇಳುತ್ತಾನೆ. ಹತ್ತು ಜಾಗದಲ್ಲಿ ನೂರು ಬಸ್ಸುಗಳ ಕೆಲಸ ಸಾಗುತ್ತದೆ. ಆದರೆ ನಿಮ್ಮ ಬಸ್ ಈಗ ಎಲ್ಲಿ ನಿಂತಿದೆ ಎಂದು ತಿಳಿಯಬೇಕಾದರೆ ಟೈಮ್ ಕೀಪರ್‌ನ ಕೂಗಿಗೆ ಕಿವಿ ಕೊಟ್ಟೇ ಇರಬೇಕು.

ಆ ಟೈಮ್ ಕೀಪರ್‌ನೇ ಕಂಟ್ರೋಲ್ ಚಾನೆಲ್. ಬಸ್ಸಿನ ಬೋರ್ಡಿನ ಮೇಲಿನ ನಂಬರೇ, ಅಂದರೆ ಒಂದು ತಂಡದವರು ತಮ್ಮೊಳಗೆ ಮಾತಾಡುವ ಗುಂಪಿನ ಸಂಖ್ಯೆಯೇ, ಟಾಕ್‌ಗ್ರೂಪ್. ಸಾಮಾನ್ಯ ಸ್ಕ್ಯಾನರ್ ಜಾಗಗಳನ್ನು ಒಂದೊಂದಾಗಿ ಇಣುಕುತ್ತಾ ಹೋಗುತ್ತದೆ. ಹಾಗಾಗಿ ಒಂದು ಸಂಭಾಷಣೆಯ ಪ್ರಶ್ನೆ ಒಂದು ಕಡೆ ಕೇಳಿಸಿದರೆ, ಉತ್ತರ ಇನ್ನೊಂದು ಫ್ರೀಕ್ವೆನ್ಸಿಗೆ ಹಾರಿ ಹೋಗಿರುತ್ತದೆ. ಟ್ರಂಕಿಂಗ್ ಸ್ಕ್ಯಾನರ್ ಕಂಟ್ರೋಲ್ ಚಾನೆಲ್ಲನ್ನು ಓದಿ, ಟಾಕ್‌ಗ್ರೂಪಿನ ಬೆನ್ನು ಹತ್ತುತ್ತದೆ. ಕಂಟ್ರೋಲ್ ಚಾನೆಲ್ಲನ್ನು ಹಾಗೆಯೇ ಕಿವಿಗೆ ಹಾಕಿಕೊಂಡರೆ ಅಡಿಕೆ ತೋಟದ ಜೀರುಂಡೆಯ ಹಾಗೆ ಬಿಡುವಿಲ್ಲದ ಒಂದೇ ರಾಗ. ಆ ಸದ್ದು ಕೇಳಿದರೆ ಸೆಟ್ ಕೆಟ್ಟಿದೆ ಎಂದುಕೊಳ್ಳಬೇಡಿ, ನೀವು ಸರಿಯಾದ ಜಾಗಕ್ಕೇ ಬಂದಿದ್ದೀರಿ.

ಅಂಗಡಿಗೆ ಮೊದಲು ಪಟ್ಟಿ

ಅಮೆರಿಕದಲ್ಲಿ ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಯಾವ ರೇಡಿಯೋ ವ್ಯವಸ್ಥೆ ಇದೆ ಎಂಬುದನ್ನೆಲ್ಲ ರೇಡಿಯೋರೆಫರೆನ್ಸ್ ಎಂಬ ತಾಣ ಪಟ್ಟಿ ಮಾಡಿಟ್ಟಿದೆ. ಮಗಳ ಮನೆಯ ಕೌಂಟಿಯ ಹೆಸರು ಕೊಟ್ಟು ಅರ್ಧ ಗಂಟೆ ಅದನ್ನು ಓದಿ. ಈ ಅರ್ಧ ಗಂಟೆ ನಿಮಗೆ 300 ಡಾಲರ್ ಉಳಿಸಬಹುದು, ಇಲ್ಲವೇ 300 ಡಾಲರ್ ಹೆಚ್ಚು ಕೊಡುವುದೇ ಸರಿ ಎಂದು ತೋರಿಸಬಹುದು.

ನೋಡಬೇಕಾದದ್ದು ಮೊದಲು ಗೂಢಲಿಪಿ. ಪ್ರತಿ ಟಾಕ್‌ಗ್ರೂಪಿನ ಎದುರು ಒಂದು ಚಿಕ್ಕ ಸಂಕೇತವಿರುತ್ತದೆ. ಡಿ ಎಂದರೆ ಡಿಜಿಟಲ್, ಟಿ ಎಂದರೆ ಟಿಡಿಎಂಎ, ಅಂದರೆ ಒಂದು ಚಾನೆಲ್ಲನ್ನು ಎರಡು ಸಂಭಾಷಣೆಗಳು ಸರದಿಯಂತೆ ಹಂಚಿಕೊಳ್ಳುವ ಬಗೆ. ಪಕ್ಕದಲ್ಲಿ ದೊಡ್ಡಕ್ಷರದ ಇ ಇದ್ದರೆ ಮಾತು ಪೂರ್ತಿ ಗೂಢಲಿಪಿಯಲ್ಲಿದೆ, ಚಿಕ್ಕಕ್ಷರದ ಇ ಇದ್ದರೆ ಆಗಾಗ ಮಾತ್ರ. ಪೂರ್ತಿ ಗೂಢಲಿಪಿಯ ಮಾತನ್ನು ಯಾವ ಸ್ಕ್ಯಾನರೂ ಬಿಡಿಸಿ ಹೇಳುವುದಿಲ್ಲ, 700 ಡಾಲರಿನದೂ ಇಲ್ಲ. ಹಲವು ನಗರಗಳ ಪೊಲೀಸರು ಇತ್ತೀಚಿನ ವರ್ಷಗಳಲ್ಲಿ ಗೂಢಲಿಪಿಗೆ ಹೋಗಿದ್ದಾರೆ. ಪೊಲೀಸರ ಮಾತು ಕೇಳಲೆಂದೇ ಕೊಳ್ಳುವವರು ಈ ಪಟ್ಟಿ ನೋಡದೆ ದುಡ್ಡು ಕೊಟ್ಟರೆ, ಮೌನವನ್ನು ಕೇಳಲು ದುಡ್ಡು ಕೊಟ್ಟಂತೆ. ಅಗ್ನಿಶಾಮಕ ದಳ, ಹಿಮ ತೆಗೆಯುವವರು, ಶಾಲಾ ಬಸ್ಸುಗಳು, ಇವು ಬಹಳ ಕಡೆ ಇನ್ನೂ ತೆರೆದೇ ಇವೆ.

ಎರಡನೆಯದು ವ್ಯವಸ್ಥೆಯ ಬಗೆ. ಓಹಾಯೋದಲ್ಲಿ ರಾಜ್ಯವ್ಯಾಪಿಯಾಗಿ ಮಾರ್ಕ್ಸ್ ಎಂಬ ವ್ಯವಸ್ಥೆ ಇದೆ (ಚಿಂತಕ ಮಾರ್ಕ್ಸ್‌ಗೂ ಇದಕ್ಕೂ ನಂಟಿಲ್ಲ, ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಹಾಗೆ ಕೂಡಿ ಬಂದಿವೆ). ಅದು ಪಿ25 ಎಂಬ ಡಿಜಿಟಲ್ ಮಾನದಂಡದ್ದು. ಪಿ25ರಲ್ಲಿ ಎರಡು ಹಂತಗಳಿವೆ. ಮೊದಲ ಹಂತದಲ್ಲಿ ಒಂದು ಚಾನೆಲ್ಲಿಗೆ ಒಂದು ಸಂಭಾಷಣೆ. ಎರಡನೆಯದರಲ್ಲಿ ಅದೇ 12.5 ಕಿಲೋಹರ್ಟ್ಸ್ ಚಾನೆಲ್ಲನ್ನು ಎರಡು ಸಂಭಾಷಣೆಗಳು ಕ್ಷಣಕ್ಷಣಕ್ಕೂ ಸರದಿಯಂತೆ ಹಂಚಿಕೊಳ್ಳುತ್ತವೆ. ಹಳೆಯ ಸೆಟ್‌ಗಳು ಮೊದಲ ಹಂತದಲ್ಲೇ ನಿಂತಿವೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಬಿಸಿಡಿ 396ಎಕ್ಸ್‌ಟಿ ಅಂಥದ್ದು. ಒಳ್ಳೆಯ ಸೆಟ್, ಆದರೆ ಕೌಂಟಿ ಎರಡನೇ ಹಂತಕ್ಕೆ ಹೋಗಿದ್ದರೆ ಕೆಲಸಕ್ಕೆ ಬಾರದು.

ಮೂರನೆಯದು ಸಿಮಲ್‌ಕಾಸ್ಟ್ ಎಂಬ ಪದ. ಸೈಟುಗಳ (ಒಂದೊಂದು ಪ್ರದೇಶಕ್ಕೆ ಬಿತ್ತರಿಸುವ ಗೋಪುರ ಕೇಂದ್ರಗಳ) ಹೆಸರಿನ ಪಕ್ಕದಲ್ಲಿ ಅದು ಕಂಡರೆ ಮುಂದಿನ ಭಾಗವನ್ನು ನಿಧಾನವಾಗಿ ಓದಿ.

ಎರಡು ಧ್ವನಿವರ್ಧಕಗಳ ನಡುವೆ

ಬಯಲಾಟಕ್ಕೆ ಗದ್ದೆಯ ಎರಡು ತುದಿಗಳಲ್ಲಿ ಧ್ವನಿವರ್ಧಕ ಕಟ್ಟಿರುತ್ತಾರೆ. ಒಂದರ ಬುಡದಲ್ಲಿ ಕುಳಿತವನಿಗೆ ಭಾಗವತರ ಪದ ಸ್ಪಷ್ಟ. ಸ್ವಲ್ಪ ಹಿಂದೆ ಸರಿದು ಎರಡೂ ಕೇಳಿಸುವಲ್ಲಿ ನಿಂತರೆ, ದೂರದ್ದು ತಡವಾಗಿ ಬಂದು ಹತ್ತಿರದ್ದರ ಮೇಲೆ ಬೀಳುತ್ತದೆ. ತಾಳ ಕೇಳಿಸುತ್ತದೆ, ಸಾಹಿತ್ಯ ಕಲಸಿ ಹೋಗುತ್ತದೆ. ಸದ್ದು ಕಡಿಮೆಯಾದದ್ದಲ್ಲ, ಹೆಚ್ಚಾದದ್ದೇ ತೊಂದರೆ.

ಸಿಮಲ್‌ಕಾಸ್ಟ್ ವ್ಯವಸ್ಥೆಯಲ್ಲೂ ನಡೆಯುವುದು ಇದೇ. ನಗರದ ಸುತ್ತಲಿನ ಹಲವು ಗೋಪುರಗಳು ಒಂದೇ ಫ್ರೀಕ್ವೆನ್ಸಿಯಲ್ಲಿ, ಒಂದೇ ಮಾತನ್ನು, ಒಂದೇ ಕ್ಷಣದಲ್ಲಿ ಬಿತ್ತರಿಸುತ್ತವೆ. ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡಿಗೆ 300 ಮೀಟರ್ ಸಾಗುತ್ತದೆ. ಒಂದು ಗೋಪುರ ಇನ್ನೊಂದಕ್ಕಿಂತ 20 ಕಿಲೋಮೀಟರ್ ದೂರವಿದ್ದರೆ ಅದರ ಅಲೆ ಸುಮಾರು 67 ಮೈಕ್ರೋಸೆಕೆಂಡ್ ತಡವಾಗಿ ಮುಟ್ಟುತ್ತದೆ. ಪಿ25ರ ಮೊದಲ ಹಂತದಲ್ಲಿ ಸೆಕೆಂಡಿಗೆ 4800 ಸಂಕೇತಗಳು, ಅಂದರೆ ಒಂದೊಂದು ಸಂಕೇತದ ಆಯುಸ್ಸು ಸುಮಾರು 208 ಮೈಕ್ರೋಸೆಕೆಂಡ್. ಮೂರನೇ ಒಂದು ಭಾಗ ಒಂದರ ಮೇಲೊಂದು ಕಲಸಿತು ಎಂದಾಯಿತು. ಇಂಥ ಸಂಕೇತಕ್ಕೆಂದು ರಚಿಸದ ಸ್ಕ್ಯಾನರ್ ಇದನ್ನು ಓದಲು ಹೋಗಿ ತಡವರಿಸುತ್ತದೆ. ಪರದೆಯಲ್ಲಿ ಸಿಗ್ನಲ್ ಪಟ್ಟಿ ತುಂಬಿರುತ್ತದೆ, ಕಿವಿಗೆ ಬೀಳುವುದು ಗಂಟಲಲ್ಲಿ ನೀರು ತುಂಬಿಕೊಂಡು ಮಾತಾಡಿದಂಥ ಸದ್ದು.

ಒಳ್ಳೆಯ ಆಂಟೆನಾ ಹಾಕಿದರೆ ಇದು ಸರಿಯಾಗುವುದಿಲ್ಲ, ಎಷ್ಟೋ ಸಲ ಹೆಚ್ಚಾಗುತ್ತದೆ. ಸಣ್ಣ ಆಂಟೆನಾ, ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್, ಮನೆಯೊಳಗೆ ಒಂದೊಂದೇ ಕಿಟಕಿ ಬದಲಿಸಿ ನೋಡುವುದು, ಇವು ಅಗ್ಗದ ಮದ್ದುಗಳು. ಮಗಳ ಮನೆಯ ನೆಲಮಾಳಿಗೆಯ ಮೆಟ್ಟಿಲಲ್ಲಿ, ಮೇಲಿನಿಂದ ನಾಲ್ಕನೆಯದರಲ್ಲಿ ಕುಳಿತರೆ ಒಂದೇ ಗೋಪುರ ಸಿಗುತ್ತಿತ್ತು, ಮಾತು ತಿಳಿಯಾಗಿ ಕೇಳುತ್ತಿತ್ತು. ಆದರೆ ಅರವತ್ತೈದು ದಾಟಿದವನು ಮೆಟ್ಟಿಲಲ್ಲಿ ಎಷ್ಟು ಹೊತ್ತು ಕುಳಿತಾನು?

ನಾಲ್ಕು ಸೆಟ್‌ಗಳು

ಈಗ ಹೋಲಿಕೆ. ಬೆಲೆಗಳನ್ನು ಸ್ಥೂಲವಾಗಿಯೇ ಹೇಳುತ್ತೇನೆ, ರಿಯಾಯಿತಿಯ ದಿನಗಳಲ್ಲಿ ಇಳಿಯುತ್ತವೆ.

ಯೂನಿಡೆನ್ ಬಿಸಿಡಿ 325ಪಿ2, ಸುಮಾರು 400 ಡಾಲರ್. ಪಿ25ರ ಎರಡೂ ಹಂತಗಳನ್ನು ಕೇಳುತ್ತದೆ, ಅಂಗೈಯಲ್ಲಿ ಹಿಡಿಸುತ್ತದೆ, ಎಎ ಸೆಲ್ಲುಗಳಲ್ಲಿ ನಡೆಯುತ್ತದೆ. ಇದರೊಳಗೆ ಮಾಹಿತಿ ಕೋಶವಿಲ್ಲ. ವ್ಯವಸ್ಥೆ, ಸೈಟು, ಗುಂಪು, ಟಾಕ್‌ಗ್ರೂಪು ಎಲ್ಲವನ್ನೂ ನೀವೇ ತುಂಬಬೇಕು. ಕೆಲವರಿಗೆ ಇದು ಶಿಕ್ಷೆ. ನನ್ನಂತೆ ಲೆಡ್ಜರ್ ಬರೆದು ಬಂದವರಿಗೆ ಇದರಲ್ಲೇ ಸುಖ.

ಬಿಸಿಡಿ 436ಎಚ್‌ಪಿ, 500 ಡಾಲರಿನ ಆಸುಪಾಸು. ಅಮೆರಿಕ ಮತ್ತು ಕೆನಡಾದ ಪೂರ್ತಿ ಪಟ್ಟಿ ಅದರ ಮೆಮೊರಿ ಕಾರ್ಡಿನಲ್ಲೇ ಇರುತ್ತದೆ. ಮನೆಯ ಪಿನ್‌ಕೋಡ್ ಒತ್ತಿದರೆ ಸುತ್ತಮುತ್ತ ಏನಿದೆಯೋ ಅದನ್ನೆಲ್ಲ ಕೇಳಿಸಲು ತೊಡಗುತ್ತದೆ. ಸೆಂಟಿನೆಲ್ ಎಂಬ ಉಚಿತ ತಂತ್ರಾಂಶದ ಮೂಲಕ ಪಟ್ಟಿ ವಾರವಾರ ನವೀಕರಣವಾಗುತ್ತದೆ. ಹತ್ತು ನಿಮಿಷದಲ್ಲಿ ಮಾತು ಕೇಳಬೇಕು, ಮೆನುಗಳ ಗೋಜು ಬೇಡ ಎನ್ನುವವರಿಗೆ ಇದೇ ಸರಿ. ಆದರೆ ಪಿನ್‌ಕೋಡ್ ಕೊಟ್ಟು ಸುಮ್ಮನೆ ಬಿಟ್ಟರೆ ಮೂವತ್ತು ಮೈಲಿ ಆಚೆಯ ಯಾವುದೋ ಊರಿನ ನೀರು ಸರಬರಾಜಿನ ಮಾತನ್ನೂ ಹೊತ್ತು ತರುತ್ತದೆ. ದೂರದ ಮಿತಿಯನ್ನು ಇಳಿಸಿ, ಬೇಡದ ಸೇವೆಗಳನ್ನು ಮುಚ್ಚಿ.

ಎಸ್‌ಡಿಎಸ್ 100, 700 ಡಾಲರಿನ ಹತ್ತಿರ. 2018ರಲ್ಲಿ ಬಂದದ್ದು. ಇದರಲ್ಲೂ ಪಿನ್‌ಕೋಡ್, ಸೆಂಟಿನೆಲ್ ಎಲ್ಲ ಇವೆ. ಹೆಚ್ಚಿನ ಹಣ ಹೋಗುವುದು ಒಳಗಿನ ರಿಸೀವರಿಗೆ. ಅದು ಸಿಮಲ್‌ಕಾಸ್ಟ್ ಕಲಬೆರಕೆಯನ್ನು ಬಿಡಿಸುವಂತೆ ಮಾಡಿದ್ದು. ಬಣ್ಣದ ಪರದೆ ಇದೆ, ನೀರಿನ ಸಿಂಚನ ತಡೆಯುವ ಕವಚವಿದೆ. ಬ್ಯಾಟರಿ ಅದರದ್ದೇ ಆದ ಲಿಥಿಯಂ ಪ್ಯಾಕ್. ಪ್ರಯಾಣದಲ್ಲಿ ಮುಗಿದರೆ ಪೆಟ್ಟಿ ಅಂಗಡಿಯಿಂದ ಎರಡು ಸೆಲ್ ತಂದು ಹಾಕುವಂತಿಲ್ಲ. ಕೌಂಟಿಯ ಪಟ್ಟಿಯಲ್ಲಿ ಸಿಮಲ್‌ಕಾಸ್ಟ್ ಎಂದಿದ್ದರೆ, ಮಗಳ ಮನೆ ನಗರದ ನಡುವೆ ಇದ್ದರೆ, ದುಡ್ಡಿನ ಮುಖ ನೋಡದೆ ಇದನ್ನೇ ಕೊಳ್ಳಿ. ಸಿಮಲ್‌ಕಾಸ್ಟ್ ಇಲ್ಲದ ಹಳ್ಳಿಗಾಡಿನಲ್ಲಿ ಮನೆಯಿದ್ದರೆ ಈ ಹೆಚ್ಚುವರಿ ದುಡ್ಡಿಗೆ ನಿಮಗೆ ಸಿಗುವುದು ಬಣ್ಣದ ಪರದೆ ಮಾತ್ರ.

ವಿಸ್ಲರ್ ಟಿಆರ್‌ಎಕ್ಸ್-1. ಇದರ ಒಂದು ಗುಣ ಯೂನಿಡೆನ್‌ನಲ್ಲಿಲ್ಲ: ಡಿಎಂಆರ್ ಮತ್ತು ಎನ್‌ಎಕ್ಸ್‌ಡಿಎನ್ ಎಂಬ ಎರಡು ಡಿಜಿಟಲ್ ಬಗೆಗಳು ಬೆಲೆಯಲ್ಲೇ ಸೇರಿವೆ. ಮೇಲಿನ ಮೂರು ಯೂನಿಡೆನ್‌ಗಳಲ್ಲಿ ಅವಕ್ಕೆ ಪ್ರತ್ಯೇಕ ಹಣ ಕಟ್ಟಿ ಬೀಗ ತೆರೆಸಿಕೊಳ್ಳಬೇಕು. ಕಾರ್ಖಾನೆ, ಮಾಲ್, ವಿಶ್ವವಿದ್ಯಾಲಯದ ಆವರಣ, ಇಂಥ ಕಡೆಗಳಲ್ಲಿ ಡಿಎಂಆರ್ ಹೆಚ್ಚು. ಅದೇ ಮುಖ್ಯವೆನಿಸಿದರೆ ಇದನ್ನು ನೋಡಿ. ಸಿಮಲ್‌ಕಾಸ್ಟ್ ಎದುರು ಇದೂ 436ರ ಹಾಗೆಯೇ ಒದ್ದಾಡುತ್ತದೆ.

ಇವು ಯಾವುವೂ ಟೆಟ್ರಾ ಎಂಬ ಬಗೆಯನ್ನು ಕೇಳಿಸುವುದಿಲ್ಲ. ಯುರೋಪಿನಲ್ಲಿ ಬಹಳ ಕಡೆ ಬಳಕೆಯಲ್ಲಿರುವುದು ಟೆಟ್ರಾ. ಆದ್ದರಿಂದ ಮಗ ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಇದ್ದರೆ ಈ ಬರಹದ ಅರ್ಧಕ್ಕರ್ಧ ನಿಮಗಲ್ಲ.

ಅಡುಗೆಮನೆಯ ಕಟ್ಟೆಯ ಮೇಲೆ

ನಾನು ಕೊಂಡದ್ದು 325ಪಿ2. ಅಗ್ಗವೆಂದು ಒಂದು ಕಾರಣ, ತುಂಬಿಸುವ ಕೆಲಸವೇ ಹೊತ್ತು ಕಳೆಯಲು ಬೇಕಿತ್ತು ಎಂಬುದು ಇನ್ನೊಂದು. ಅಡುಗೆಮನೆಯ ಕಟ್ಟೆಯ ಮೇಲೆ ಎಡಗಡೆ ಲ್ಯಾಪ್‌ಟಾಪ್, ನಡುವೆ ಮೊಮ್ಮಗನ ರೂಲ್ಡ್ ನೋಟ್‌ಬುಕ್ಕು, ಬಲಗಡೆ ಸೆಟ್.

ಮೊದಲು ಕಾಗದದಲ್ಲಿ ಬರೆದುಕೊಳ್ಳಿ. ರೇಡಿಯೋರೆಫರೆನ್ಸ್‌ನಲ್ಲಿ ಮನೆಗೆ ಹತ್ತಿರದ ಸೈಟನ್ನು ತೆರೆದರೆ ಫ್ರೀಕ್ವೆನ್ಸಿಗಳ ಸಾಲು ಕಾಣುತ್ತದೆ. ಕೆಂಪು ಬಣ್ಣದ್ದು ಮುಖ್ಯ ಕಂಟ್ರೋಲ್ ಚಾನೆಲ್, ನೀಲಿ ಬಣ್ಣದವು ಬದಲಿ. ಪಿ25ಕ್ಕೆ ಕೆಂಪು ಮತ್ತು ನೀಲಿ ಸಾಕು, ಕಪ್ಪು ಬಣ್ಣದವನ್ನು ಮುಟ್ಟಬೇಡಿ. ಮಾತಿನ ಚಾನೆಲ್‌ಗಳು ಯಾವುವು ಎಂಬುದನ್ನು ಕಂಟ್ರೋಲ್ ಚಾನೆಲ್ಲೇ ಸೆಟ್‌ಗೆ ಹೇಳುತ್ತದೆ. ಹಳೆಯ ಇಡ್ಯಾಕ್ಸ್ ವ್ಯವಸ್ಥೆಯಾದರೆ ಲೆಕ್ಕ ಬೇರೆ: ಅಲ್ಲಿ ಎಲ್ಲ ಫ್ರೀಕ್ವೆನ್ಸಿಗಳನ್ನೂ, ಅವುಗಳ ಕ್ರಮಸಂಖ್ಯೆಯ ಪ್ರಕಾರವೇ ತುಂಬಬೇಕು. ಒಂದು ಆಚೀಚೆಯಾದರೂ ತಪ್ಪು ಮನೆಯ ಬಾಗಿಲು ತಟ್ಟುತ್ತದೆ.

ಆಮೇಲೆ ಸೆಟ್. ಮೆನು ಒತ್ತಿ, ಪ್ರೋಗ್ರಾಮ್ ಸಿಸ್ಟಮ್‌ಗೆ ಹೋಗಿ, ಹೊಸ ಸಿಸ್ಟಮ್ ಎಂದು ಆಯ್ದು, ಬಗೆ ಪಿ25 ಎಂದು ಹೇಳಿ, ಹೆಸರು ಕೊಡಿ. ಅದರೊಳಗೆ ಹೊಸ ಸೈಟು, ಸೈಟಿನೊಳಗೆ ಕೆಂಪು ನೀಲಿ ಫ್ರೀಕ್ವೆನ್ಸಿಗಳು. ಹಿಂದೆ ಬಂದು ಹೊಸ ಗುಂಪು, ಗುಂಪಿನೊಳಗೆ ಟಾಕ್‌ಗ್ರೂಪ್ ಸಂಖ್ಯೆಗಳು. ಸಿಸ್ಟಮ್ ಎಂದರೆ ಶಾಖೆ, ಗುಂಪು ಎಂದರೆ ಲೆಡ್ಜರ್, ಟಾಕ್‌ಗ್ರೂಪ್ ಎಂದರೆ ಖಾತೆ ಸಂಖ್ಯೆ ಎಂದು ನಾನು ತಲೆಯಲ್ಲಿ ಇಟ್ಟುಕೊಂಡೆ. ಮೊದಲ ಸಲ ಒಂದು ಸೈಟು, ಐದು ಟಾಕ್‌ಗ್ರೂಪ್ ತುಂಬಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು.

ಸೆಟ್ ಮಾತಾಡಲಿಲ್ಲ. ಎರಡು ದಿನ ಮಾತಾಡಲಿಲ್ಲ. ಕಂಟ್ರೋಲ್ ಚಾನೆಲ್ ಹಿಡಿದಿತ್ತು, ಸಿಗ್ನಲ್ ಪಟ್ಟಿ ತುಂಬಿತ್ತು. ಅಳಿಯ ಸಂಜೆ ಬಂದು, "ಮಾವ, ಅಂಗಡಿಗೆ ಹಿಂದಿರುಗಿಸೋಣವೇ?" ಎಂದು ಮೆಲ್ಲಗೆ ಕೇಳಿದ. ಮೂರನೇ ದಿನ ನೋಟ್‌ಬುಕ್ ತೆರೆದು ಪಟ್ಟಿಯ ಎದುರು ಬೆರಳಿಟ್ಟು ತಾಳೆ ನೋಡಿದೆ. ಪಟ್ಟಿಯಲ್ಲಿ ಪ್ರತಿ ಟಾಕ್‌ಗ್ರೂಪಿಗೆ ಎರಡು ಕಾಲಮ್‌ಗಳಿವೆ: ಒಂದು ದಶಮಾನ, ಪಕ್ಕದ್ದು ಹದಿನಾರರ ಲೆಕ್ಕದ ಹೆಕ್ಸ್. ನಾನು ಐದರಲ್ಲಿ ಐದನ್ನೂ ಹೆಕ್ಸ್ ಕಾಲಮ್ಮಿನಿಂದ ಬರೆದುಕೊಂಡಿದ್ದೆ. ದುರದೃಷ್ಟಕ್ಕೆ ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳೇ ಇರಲಿಲ್ಲ, ಇದ್ದಿದ್ದರೆ ಆಗಲೇ ಎಚ್ಚರವಾಗುತ್ತಿತ್ತು. ಮೂವತ್ತು ವರ್ಷ ಬೇರೆಯವರ ಲೆಡ್ಜರಿನ ತಪ್ಪು ಹುಡುಕಿದವನ ಕತೆ ಇದು.

ಆದ್ದರಿಂದ ನನ್ನ ಸಲಹೆ ತಿರುಗುಮುರುಗಿನದು. ಮೊದಲ ದಿನ ಟಾಕ್‌ಗ್ರೂಪ್‌ಗಳನ್ನು ತುಂಬಲೇಬೇಡಿ. ಕಂಟ್ರೋಲ್ ಚಾನೆಲ್ ಮಾತ್ರ ಹಾಕಿ, ಸೆಟ್ಟನ್ನು ಐಡಿ ಸರ್ಚ್‌ಗೆ ಬಿಡಿ. ಆಗ ಆ ಸೈಟಿನಲ್ಲಿ ಯಾರು ಮಾತಾಡಿದರೂ ಕೇಳಿಸುತ್ತದೆ, ಸಂಖ್ಯೆಯೂ ಪರದೆಯ ಮೇಲೆ ಬರುತ್ತದೆ. ಒಂದು ದಿನ ಕೇಳಿ. ಬೇಡದ್ದನ್ನು ಲಾಕ್‌ಔಟ್ ಮಾಡುತ್ತಾ ಬನ್ನಿ, ಬೇಕಾದದ್ದಕ್ಕೆ ಹೆಸರು ಕೊಡುತ್ತಾ ಬನ್ನಿ. ವಾರದೊಳಗೆ ನಿಮ್ಮ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಆಮೇಲೆ ಐಡಿ ಸ್ಕ್ಯಾನ್‌ಗೆ ಬದಲಿಸಿದರೆ ಆಯ್ದವು ಮಾತ್ರ ಕೇಳಿಸುತ್ತವೆ. ಇನ್ನೊಂದು ಬಲೆ ಕ್ವಿಕ್ ಕೀ. ಗುಂಪಿಗೆ ಒಂದು ಅಂಕಿ ಕೊಟ್ಟು, ಬೆರಳು ತಾಗಿ ಆ ಅಂಕಿ ಆಫ್ ಆದರೆ ಇಡೀ ಗುಂಪೇ ಮಾಯ. ಸೆಟ್ ಮೂಕವಾದಾಗಲೆಲ್ಲ ಮೊದಲು ಪರದೆಯ ಅಂಚಿನ ಆ ಅಂಕಿಗಳನ್ನು ನೋಡಿ.

ಇಷ್ಟೆಲ್ಲ ಮಾಡಿ ಕೇಳಿದ್ದೇನು ಎಂದರೆ, ಹೆಚ್ಚಾಗಿ ಹಿಮ ತೆಗೆಯುವ ಲಾರಿಗಳ ಮಾತು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಒಬ್ಬ ಚಾಲಕ "ಉಪ್ಪು ಮುಗಿಯಿತು, ಡಿಪೋಗೆ ಬರುತ್ತಿದ್ದೇನೆ" ಎನ್ನುತ್ತಾನೆ, ಇನ್ನೊಬ್ಬ ಸೇತುವೆಯ ಮೇಲೆ ಮಂಜುಗಡ್ಡೆ ಕಟ್ಟಿದೆ ಎನ್ನುತ್ತಾನೆ. ಉಪ್ಪು ಗಾಳಿಗೆ ಗೇಟು ತುಕ್ಕು ಹಿಡಿಯುತ್ತದೆ ಎಂದು ಜೀವಮಾನವಿಡೀ ಬೈದುಕೊಂಡ ಕರಾವಳಿಯವನಿಗೆ, ದುಡ್ಡು ಕೊಟ್ಟು ಲಾರಿಗಟ್ಟಲೆ ಉಪ್ಪನ್ನು ರಸ್ತೆಗೆ ಸುರಿಯುವುದು ಕೊನೆಯ ತನಕ ವಿಚಿತ್ರವಾಗಿಯೇ ಉಳಿಯಿತು.

ಹವಾಮಾನದ ಚಾನೆಲ್‌ಗಳನ್ನು ಮರೆಯಬೇಡಿ. 162.400ರಿಂದ 162.550 ಮೆಗಾಹರ್ಟ್ಸ್ ನಡುವೆ ಏಳು ಚಾನೆಲ್‌ಗಳಲ್ಲಿ ಅಲ್ಲಿನ ಸರ್ಕಾರ ಹಗಲಿರುಳು ಹವಾಮಾನ ಹೇಳುತ್ತದೆ. ಸುಂಟರಗಾಳಿಯ ಎಚ್ಚರಿಕೆ ಮೊದಲು ಬರುವುದೂ ಅಲ್ಲಿಗೇ. ಕೊಲಂಬಸ್ ಸುತ್ತಲಿನ ಫ್ರಾಂಕ್ಲಿನ್ ಕೌಂಟಿಯಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಸೈರನ್‌ಗಳನ್ನು ಪರೀಕ್ಷಿಸುತ್ತಾರೆ. ಇದನ್ನು ಮಗಳು ನಮಗೆ ಮೊದಲೇ ಹೇಳಿರಲಿಲ್ಲ. ಮೊದಲ ಬುಧವಾರ ನನ್ನ ಹೆಂಡತಿ ಗ್ಯಾಸ್ ಆರಿಸಿ, ಸಾರಿನ ಪಾತ್ರೆಯ ಸಮೇತ ನೆಲಮಾಳಿಗೆಗೆ ಇಳಿದಿದ್ದಳು.

ಒಂದು ಎಚ್ಚರಿಕೆ: ಮನೆಯಲ್ಲಿ ಕೇಳುವುದು ಒಂದು, ಕಾರಿನಲ್ಲಿ ಒಯ್ಯುವುದು ಇನ್ನೊಂದು. ನ್ಯೂಯಾರ್ಕ್, ಫ್ಲೋರಿಡಾ, ಇಂಡಿಯಾನಾ ಮುಂತಾದ ಕೆಲವು ರಾಜ್ಯಗಳಲ್ಲಿ ಪೊಲೀಸ್ ಫ್ರೀಕ್ವೆನ್ಸಿ ಹಿಡಿಯುವ ಸೆಟ್ಟನ್ನು ವಾಹನದಲ್ಲಿ ಇಟ್ಟುಕೊಳ್ಳುವುದಕ್ಕೆ ನಿರ್ಬಂಧವಿದೆ. ನಯಾಗರ ನೋಡಲು ಹೊರಟಾಗ ಸೆಟ್ ಮನೆಯಲ್ಲೇ ಇರಲಿ.

ಬೆರಳುದ್ದದ ಡಾಂಗಲ್

ಇದೊಂದು ಬೇರೆಯೇ ಆಯ್ಕೆ. ಟಿವಿ ನೋಡಲೆಂದು ತಯಾರಾದ ಯುಎಸ್‌ಬಿ ಡಾಂಗಲ್ಲನ್ನು ವಿಶಾಲ ವ್ಯಾಪ್ತಿಯ ರಿಸೀವರಾಗಿ ಬಳಸಬಹುದು ಎಂಬುದು 2012ರ ಹೊತ್ತಿಗೆ ಬೆಳಕಿಗೆ ಬಂತು. ಆರ್‌ಟಿಎಲ್-ಎಸ್‌ಡಿಆರ್ ಎಂದು ಹೆಸರಾಗಿರುವ ಇದರ ಬೆಲೆ 40 ಡಾಲರಿನ ಆಸುಪಾಸು. ಸುಮಾರು 24ರಿಂದ 1766 ಮೆಗಾಹರ್ಟ್ಸ್ ವರೆಗೆ ಕೇಳುತ್ತದೆ, ಒಮ್ಮೆಗೆ 2.4 ಮೆಗಾಹರ್ಟ್ಸ್ ಅಗಲವನ್ನು ನೋಡುತ್ತದೆ. ಎಸ್‌ಡಿಆರ್‌ಟ್ರಂಕ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಪಿ25ರ ಎರಡೂ ಹಂತಗಳು ಕೇಳಿಸುತ್ತವೆ. ಸಿಮಲ್‌ಕಾಸ್ಟ್ ವಿಷಯದಲ್ಲಿ 436ಕ್ಕಿಂತ ಇದು ಮೇಲು ಎಂದರೆ ಕೆಲವರಿಗೆ ಕೋಪ ಬರುತ್ತದೆ, ಆದರೆ ಮೆಟ್ಟಿಲಿನ ಮೇಲೆ ಕುಳಿತವನ ಮಾತು ಇದು. ಸೈಟಿನ ಚಾನೆಲ್‌ಗಳು 2.4 ಮೆಗಾಹರ್ಟ್ಸ್‌ಗಿಂತ ಅಗಲಕ್ಕೆ ಹರಡಿದ್ದರೆ ಎರಡು ಡಾಂಗಲ್ ಬೇಕು. ಎರಡಾದರೂ 80 ಡಾಲರ್.

ಹಾಗಾದರೆ ಎಲ್ಲರೂ ಇದನ್ನೇ ಏಕೆ ಕೊಳ್ಳಬಾರದು? ಲ್ಯಾಪ್‌ಟಾಪ್ ಬಿಟ್ಟು ಅಲುಗಾಡುವಂತಿಲ್ಲ. ಜೇಬಿನಲ್ಲಿಟ್ಟು ವಾಕಿಂಗ್ ಹೋಗುವಂತಿಲ್ಲ. ಡಾಂಗಲ್ ಬಿಸಿಯಾಗುತ್ತದೆ. ಡ್ರೈವರ್ ಹಾಕುವಾಗ ವಿಂಡೋಸ್ ಒಮ್ಮೆಯಾದರೂ ಮೊಂಡು ಹಿಡಿಯುತ್ತದೆ, ಆಗ ಸಂಜೆಯವರೆಗೆ ಅಳಿಯನಿಗಾಗಿ ಕಾಯಬೇಕು. ಕಂಪ್ಯೂಟರ್ ಕಲಿತ ಮಕ್ಕಳಿಗೆ, ಸುರತ್ಕಲ್‌ನಲ್ಲೋ ಮಣಿಪಾಲದಲ್ಲೋ ಇಂಜಿನಿಯರಿಂಗ್ ಮುಗಿಸಿ ಅಲ್ಲಿಗೆ ಓದಲು ಹೊರಟವರಿಗೆ, ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ. 40 ಡಾಲರ್ ಹಾಕಿ, ರುಚಿ ಹತ್ತಿದರೆ ಮುಂದಿನದು.

ಊರಿಗೆ ತರುವ ಮಾತು

ತರಬೇಡಿ.

ಕಾರಣಗಳಲ್ಲಿ ಮೊದಲನೆಯದು ಕಾನೂನು. ಪರವಾನಗಿ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದನ್ನು 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯೇ ಅಪರಾಧವೆಂದಿತ್ತು. ಸಂದೇಶವನ್ನು ಅಕ್ರಮವಾಗಿ ಕದ್ದು ಕೇಳಿದವರಿಗೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, ಇಲ್ಲವೇ 2 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ. ವಿದೇಶದಿಂದ ರೇಡಿಯೋ ಸೆಟ್ ತರಲು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮತಿ ಬೇಕು. ಬಜಪೆಯ ಕಸ್ಟಮ್ಸ್ ಮೇಜಿನ ಎದುರು ನಿಂತು, "ಸಾರ್, ಇದು ಬರೀ ಕೇಳುವುದು ಮಾತ್ರ" ಎಂದರೆ ಯಾರೂ ಒಪ್ಪುವುದಿಲ್ಲ. ಕಾನೂನು ಗಾತ್ರವನ್ನೂ ನೋಡುವುದಿಲ್ಲ, ಡಾಂಗಲ್ ಕೂಡ ರಿಸೀವರೇ.

ಎರಡನೆಯದು, ತಂದರೂ ಉಪಯೋಗವಿಲ್ಲ. 436 ಮತ್ತು ಎಸ್‌ಡಿಎಸ್ 100ರ ಬೆಲೆಯಲ್ಲಿ ದೊಡ್ಡ ಪಾಲು ಆ ಪಿನ್‌ಕೋಡ್ ಪಟ್ಟಿಯದು. 576101 ಎಂದು ಉಡುಪಿಯ ಪಿನ್ ಒತ್ತಿದರೆ ಅದರ ಪಾಲಿಗೆ ಅಂಥ ಊರೇ ಇಲ್ಲ. ಹೋಗಲಿ, ಆಕಾಶವಾಣಿಯ ಮೀಡಿಯಂ ವೇವ್ ಕೇಳೋಣವೆಂದರೆ ಈ ಸೆಟ್‌ಗಳು 25 ಮೆಗಾಹರ್ಟ್ಸ್‌ನಿಂದ ಕೆಳಗೆ ಇಳಿಯುವುದಿಲ್ಲ. 100.3ರ ಎಫ್‌ಎಂ ಕೇಳಬಹುದು, ಅದಕ್ಕೆ 500 ಡಾಲರ್ ಬೇಕೇ?

ರೇಡಿಯೋದ ಹುಚ್ಚು ನಿಜವಾಗಿ ಹತ್ತಿದ್ದರೆ ಇಲ್ಲಿನ ದಾರಿ ಬೇರೆ: ಹ್ಯಾಮ್ ಪರೀಕ್ಷೆ. 12 ವರ್ಷ ತುಂಬಿದ ಯಾರೂ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಪರೀಕ್ಷೆ ಇಲ್ಲ, ಜನರಲ್ ದರ್ಜೆಗೆ ಇದೆ. ಪರವಾನಗಿ ಬಂದ ಮೇಲೆ 144ರಿಂದ 146 ಮೆಗಾಹರ್ಟ್ಸ್‌ನ ಬ್ಯಾಂಡಿನಲ್ಲಿ ಕೇಳುವುದಷ್ಟೇ ಅಲ್ಲ, ಮಾತಾಡಲೂಬಹುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮ ತಾರಸಿಯ ಮೇಲೆ ಹಾದುಹೋಗುವಾಗ 145.800ರಲ್ಲಿ ಆಗಾಗ ಚಿತ್ರಗಳನ್ನೋ ಮಾತನ್ನೋ ಇಳಿಸುತ್ತದೆ. ಮಳೆಗಾಲದಲ್ಲಿ ಮೋಡ ಕವಿದಿದ್ದರೂ ಅದಕ್ಕೆ ಅಡ್ಡಿಯಿಲ್ಲ. ಹತ್ತು ನಿಮಿಷ ಕೊಡೆ ಹಿಡಿದು ನಿಲ್ಲುವ ತಾಳ್ಮೆ ಬೇಕು, ಅಷ್ಟೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕಾಣುವ ವಾಕಿಟಾಕಿಗಳನ್ನು ಪರವಾನಗಿಗೆ ಮೊದಲೇ ಕೊಳ್ಳಬೇಡಿ. ಅಂಥ ಅಕ್ರಮ ಮಾರಾಟಕ್ಕೆ ಕಡಿವಾಣ ಹಾಕಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ.

ನನ್ನ 325ಪಿ2 ಈಗಲೂ ಕೊಲಂಬಸ್‌ನಲ್ಲಿದೆ, ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ. ಹೊರಡುವ ದಿನ ಸೆಲ್ಲುಗಳನ್ನು ತೆಗೆದು ಬೇರೆ ಇಟ್ಟು ಬಂದಿದ್ದೆ, ಸೋರಿ ಒಳಗೆ ಹಸಿರು ಕಟ್ಟಬಾರದೆಂದು. ಮೊಮ್ಮಗ ಮರುದಿನವೇ ಹಾಕಿಕೊಂಡಿದ್ದಾನೆ. ಕಳೆದ ಜನವರಿಯಲ್ಲಿ ಒಂದು ಮಧ್ಯಾಹ್ನ, ಇಲ್ಲಿ ಸೆಕೆಗೆ ಫ್ಯಾನಿನ ಕೆಳಗೆ ಮಲಗಿದ್ದಾಗ ಮೊಬೈಲಿಗೆ ಅವನ ಸಂದೇಶ ಬಂತು: "ಅಜ್ಜ, ಇವತ್ತೂ ಉಪ್ಪು ಮುಗಿಯಿತಂತೆ. ಶಾಲೆಗೆ ರಜೆ."